ಹೈವೇ ಬದಿಯ ಹೊಸ ಕೆಫೆ: ಕಾಫಿ ಪಾಸ್, ಕೂತು ಮಾತಾಡ್ಲಿಕ್ಕೆ ಮಾತ್ರ ಬಿಡುದಿಲ್ಲ

ಕಾಸರಗೋಡು ಟೌನಿಂದ ಕುಂಬಳೆ ಕಡೆ ಹೋಗುವಾಗ ಸರ್ವಿಸ್ ರೋಡಿಗೆ ತಾಗಿ ಹೊಸ ಕೆಫೆ ಒಂದು ಆಗಿದೆ, ಗಾಜಿನ ಗೋಡೆ, ಒಳಗೆ ಹಳದಿ ಲೈಟು. ಹೆಸರು ಇಲ್ಲಿ ಹಾಕುದಿಲ್ಲ, ಬೈಯುವ ವಿಷಯವೂ ಸ್ವಲ್ಪ ಉಂಟು, ಈ ಕಡೆಯವರಿಗೆ ಹೇಗೂ ಗೊತ್ತಾಗ್ತದೆ.

ಮೊದಲು ಕಾಫಿ ವಿಷಯ ಹೇಳಿ ಮುಗಿಸ್ತೇನೆ. ಫಿಲ್ಟರ್ ಕಾಫಿ 60 ರೂಪಾಯಿ, ಡಿಕಾಕ್ಷನ್ ಗಟ್ಟಿ, ಚಿಕೋರಿ ಕಮ್ಮಿ, ಸಕ್ಕರೆ ಬೇರೆ ತಂದಿಡ್ತಾರೆ. ಎಲ್ಲಿ ಹೋದ್ರೂ ಚಾಯವೇ ಸಿಗುವ ನಮ್ಮ ಊರಲ್ಲಿ ಅಂಗಡಿಯಲ್ಲಿ ಇಷ್ಟು ಒಳ್ಳೆ ಕಾಫಿ ಅಪರೂಪ ಮಾರಾಯ್ರೆ, ಆ ಮಟ್ಟಿಗೆ ಫುಲ್ ಮಾರ್ಕ್ಸ್. ಬಾಬಾಬುಡನ್‌ಗಿರಿ ಅರೇಬಿಕಾ ಅಂತ 180ಕ್ಕೆ ಬ್ಲ್ಯಾಕ್ ಕಾಫಿಯೂ ಉಂಟು, ನನಗೆ ಬರೀ ಹುಳಿ ಅನಿಸಿತು, ಜೊತೆಗಿದ್ದ ತಮ್ಮ ಭಾರೀ ಲಾಯ್ಕುಂಟು ಅಂದ, ಅವನು ಬೆಂಗಳೂರಲ್ಲಿ ಇರುವವ.

ಇನ್ನು ಗೋಡೆ. ಇವರು ಒಂದಿಡೀ ಗೋಡೆಗೆ ಕಾಫಿಯ ಚರಿತ್ರೆ ಪೇಂಟ್ ಮಾಡಿಸಿದ್ದಾರೆ, ಜನ ಬಂದವರು ಅದರ ಎದುರು ನಿಂತು ಸೆಲ್ಫಿ ತೆಗೀತಾರೆ. ಶುರುವಿಗೆ ಇಥಿಯೋಪಿಯಾದ ಕಾಲ್ದಿ, ಅವನ ಆಡುಗಳು ಕಾಫಿ ಹಣ್ಣು ತಿಂದು ಕುಣಿಯುದು, ಕೆಳಗೆ ಕ್ರಿ.ಶ. 850 ಅಂತ ಬೇರೆ ಬರೆದಿದ್ದಾರೆ. ಆ ಆಡಿನ ಕಥೆ ಅಚ್ಚಾದದ್ದೇ 1671ರಲ್ಲಿ, ರೋಮಿನ ಒಂದು ಪುಸ್ತಕದಲ್ಲಿ. ಇರ್ಲಿ, ಆಡಿನ ಚಿತ್ರ ಚಂದ ಬಂದಿದೆ. ಆಮೇಲೆ ರಾತ್ರಿ ಪ್ರಾರ್ಥನೆಗೆ ನಿದ್ದೆ ಬಾರದ ಹಾಗೆ ಕಾಫಿ ಕುಡಿಯುವ ಯೆಮೆನ್ನಿನ ಸೂಫಿಗಳು, ಸೊಂಟಕ್ಕೆ ಏಳು ಬೀಜ ಕಟ್ಟಿಕೊಂಡು ಬರುವ ಬಾಬಾ ಬುಡನ್, ನಡುವೆ ಇಸ್ತಾಂಬುಲ್. ಅಲ್ಲಿ 1550ರ ದಶಕದಲ್ಲಿ ಸಿರಿಯಾದಿಂದ ಬಂದ ಇಬ್ಬರು ಕಾಫಿ ಅಂಗಡಿ ಹಾಕಿದ್ದು, ಜನ ಚೆಸ್ ಆಡಿಕೊಂಡು ಕವನ ಓದಿಕೊಂಡು ಗಂಟೆಗಟ್ಟಲೆ ಕೂರ್ತಿದ್ರು, ಕೂತವರು ಸರಕಾರದ ಬಗ್ಗೆ ಮಾತಾಡದೆ ಇರ್ತಾರಾ, 1633ರಲ್ಲಿ ಸುಲ್ತಾನ ನಾಲ್ಕನೇ ಮುರಾದ್ ಎಲ್ಲ ಬಂದ್ ಮಾಡಿಸಿದ.

ಲಂಡನ್ನಿದ್ದು ದೊಡ್ಡ ಚಿತ್ರ. 1652ರಲ್ಲಿ ಪಾಸ್ಕ್ವಾ ರೋಸೆ ಅನ್ನುವವ ಅಲ್ಲಿ ಮೊದಲ ಕಾಫಿ ಹೌಸ್ ತೆಗೆದದ್ದು. ಒಂದು ಪೆನ್ನಿ ಕೊಟ್ರೆ ಕಾಫಿಯೂ ಸಿಗ್ತಿತ್ತು, ಪೇಪರೂ ಸಿಗ್ತಿತ್ತು, ಪಕ್ಕದಲ್ಲಿ ಕೂತವನ ಜೊತೆ ಚರ್ಚೆಯೂ ಆಗ್ತಿತ್ತು, ಅದಕ್ಕೇ ಪೆನ್ನಿ ಯೂನಿವರ್ಸಿಟಿ ಅಂತ ಹೆಸರು ಬಿದ್ದದ್ದು. ರಾಜ ಎರಡನೇ ಚಾರ್ಲ್ಸ್ 1675ರ ಡಿಸೆಂಬರಲ್ಲಿ ಇವನ್ನೆಲ್ಲ ಮುಚ್ಚಬೇಕು ಅಂತ ಆರ್ಡರ್ ಮಾಡಿದ, ಗಲಾಟೆ ಎಷ್ಟಾಯ್ತಂದ್ರೆ ಅದು ಜಾರಿಗೆ ಬರುವ ಮೊದಲೇ ವಾಪಸ್ ತಗೊಳ್ಬೇಕಾಯ್ತು. ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿ ಹೌಸಲ್ಲಿ ಹಡಗಿನವರು ಕೂತು ಕೂತೇ ಲಾಯ್ಡ್ಸ್ ಇನ್ಶೂರೆನ್ಸ್ ಹುಟ್ಟಿದ್ದು. ನಮ್ಮಲ್ಲೂ ಅಡಿಕೆಗೆ ಎಷ್ಟು ರೇಟಾಯ್ತು ಅಂತ ಗೊತ್ತಾಗುದು ಹೋಟೆಲಿನ ಬೆಂಚಲ್ಲೇ ಅಲ್ವಾ.

ಇಷ್ಟೆಲ್ಲ ಬರೆಸಿದವರು ಅದೇ ಚಿತ್ರದ ಕೆಳಗಿನ ಟೇಬಲ್ ಮೇಲೆ ಏನು ಇಟ್ಟಿದ್ದಾರೆ ಗೊತ್ತುಂಟಾ? 'ದಯವಿಟ್ಟು 45 ನಿಮಿಷದೊಳಗೆ ಸೀಟು ಬಿಟ್ಟುಕೊಡಿ' ಅಂತ ಬೋರ್ಡು! ಅರ್ಧ ಗ್ಲಾಸ್ ಮುಗಿಯುವಾಗ ಕೇಳದೇ ಬಿಲ್ ತಂದಿಡ್ತಾರೆ, ಮೇಲಿಂದ ಸ್ಪೀಕರ್ ಎಷ್ಟು ಜೋರು ಅಂದ್ರೆ ಎದುರಿಗೆ ಕೂತವರು ಹೇಳಿದ್ದು ಕೇಳುದಿಲ್ಲ. ಬಾಡಿಗೆ, ಕರೆಂಟು, ಸಂಬಳ ಎಲ್ಲ ಅವರಿಗೂ ಉಂಟು, ಒಪ್ಪುತ್ತೇನೆ. ಆದ್ರೆ ಚಹಾದಂಗಡಿಯ ನಾಲ್ಕು ಪಾಲು ರೇಟ್ ಇಲ್ಲಿ ಕೊಡುವುದು ಆ ಕುರ್ಚಿಗೇ ಅಲ್ವಾ, ಬರೀ ಕಾಫಿ ಬೇಕಾದವ ಮನೆಯಲ್ಲೇ ಕುಡಿಯುದಿಲ್ವಾ.

ಗೋಡೆ ಬಗ್ಗೆ ಇನ್ನೊಂದು ತಕರಾರು, ಇದು ಊರಿನವನಾಗಿ. ಚಿತ್ರ ಲಂಡನ್ನಿಂದ ಸೀದಾ ಸ್ಟಾರ್‌ಬಕ್ಸ್ ಶುರುವಾದ 1971ರ ಸಿಯಾಟಲ್‌ಗೆ ಹಾರ್ತದೆ. ಮಧ್ಯದಲ್ಲಿ ಇಂಡಿಯನ್ ಕಾಫಿ ಹೌಸ್ ಇಲ್ಲವೇ ಇಲ್ಲ, ಕಾಸರಗೋಡಲ್ಲಿ ಕೂತು ಅದನ್ನು ಬಿಡುದು ಹೇಗೆ? ನಮ್ಮ ದೇಶದ ಕಾಫಿ ದೇಶದೊಳಗೇ ಮಾರಬೇಕು ಅಂತ ಕಾಫಿ ಸೆಸ್ ಕಮಿಟಿಯವರು 1936ರಲ್ಲಿ ಬಾಂಬೆಯ ಚರ್ಚ್‌ಗೇಟಲ್ಲಿ ಶುರು ಮಾಡಿದ್ದು, ಆಮೇಲೆ ಕಾಫಿ ಬೋರ್ಡ್ ನಡೆಸ್ತಿತ್ತು, 1950ರ ದಶಕದ ಮಧ್ಯದಲ್ಲಿ ಬೋರ್ಡಿನವರು ಮುಚ್ಚುತ್ತೇವೆ ಅಂದಾಗ ಕೆಲಸ ಹೋದವರನ್ನು ಸೇರಿಸಿ ಸೊಸೈಟಿ ಮಾಡಿ ನೀವೇ ನಡೆಸಿ ಅಂತ ನಿಂತದ್ದು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ (ಎಕೆಜಿ). 1957ರ ಆಗಸ್ಟಲ್ಲಿ ಬೆಂಗಳೂರಲ್ಲಿ ಮೊದಲ ಸೊಸೈಟಿ, ಅಕ್ಟೋಬರಲ್ಲಿ ದೆಹಲಿಯಲ್ಲಿ ಕೆಲಸಗಾರರದ್ದೇ ಕಾಫಿ ಹೌಸ್, 1958ರ ಮಾರ್ಚಲ್ಲಿ ತ್ರಿಶ್ಶೂರು, ಅದೇ ವರ್ಷ ತಲಶ್ಶೇರಿ. ಆಗ ಎಕೆಜಿ ಲೋಕಸಭೆಯಲ್ಲಿ ಇದ್ದದ್ದು ಯಾವ ಕ್ಷೇತ್ರದಿಂದ? ನಮ್ಮ ಕಾಸರಗೋಡಿಂದಲೇ, 1957ರ ಎಲೆಕ್ಷನಲ್ಲಿ ಗೆದ್ದು! ಪಾರ್ಟಿ ರಾಜಕೀಯ ಏನೇ ಇರ್ಲಿ, ಅವರವರ ಇಷ್ಟ, ಗೋಡೆಯಲ್ಲಿ ಒಂದು ಫೋಟೋಗಾದ್ರೂ ಜಾಗ ಬೇಕಿತ್ತು. ಈಗಲೂ ಕಣ್ಣೂರಿನ ಕಾಫಿ ಹೌಸಿಗೆ ಹೋದ್ರೆ ತಲೆಗೆ ಬೀಸಣಿಗೆ ಹಾಗಿನ ಪೇಟ ಕಟ್ಟಿದವರೇ ಬಡಿಸುದು, ಮಸಾಲೆದೋಸೆಯೊಳಗೆ ಬೀಟ್‌ರೂಟ್ ಕೆಂಪು. ಕೆಲವರಿಗೆ ಅದು ಆಗುದಿಲ್ಲ, ನನಗೆ ಆಗ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ಕೆಫೆಯವರು ಹಳೆ ಕಾಫಿ ಹೌಸಿಗಿಂತ ಮೇಲೆ. ಲಂಡನ್ನಲ್ಲಿ ಹೆಂಗಸರು ಗಿರಾಕಿಗಳಾಗಿ ಹೋಗುವ ಕ್ರಮ ಇರ್ಲಿಲ್ಲ. ನಮ್ಮ ಕಡೆಯ ಹಳೆ ಹೋಟೆಲುಗಳಲ್ಲಿ ಒಂದು ಕಾಲದಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಅದು ಹೋದ ಮೇಲೂ ಹೆಂಗಸರನ್ನು ಪರದೆ ಹಾಕಿದ ಫ್ಯಾಮಿಲಿ ರೂಮಿಗೆ ಕಳಿಸುದು ನಾನೇ ನೋಡಿದ್ದೇನೆ. ಇಲ್ಲಿ ಕಾಲೇಜಿನ ಹುಡುಗಿಯರು ನಡು ಹಾಲಲ್ಲಿ ಲ್ಯಾಪ್‌ಟಾಪ್ ಇಟ್ಟು ಪ್ರಾಜೆಕ್ಟ್ ಮಾಡ್ತಾ ಕೂತಿರ್ತಾರೆ, ಯಾರೂ ತಿರುಗಿ ನೋಡುದಿಲ್ಲ. ಅವರಿಗೂ ಬಿಲ್ ಬೇಗವೇ ಬರ್ತದೆ, ಆ ಸಮಾನತೆಯೂ ಉಂಟು.

ಮೆನು ಇಂಗ್ಲಿಷ್ ಮತ್ತು ಮಲಯಾಳಂನಲ್ಲಿ ಮಾತ್ರ, ಕನ್ನಡ ಇಲ್ಲ, ಆದ್ರೆ ಕೌಂಟರಿನ ಅಣ್ಣ ತುಳುವಲ್ಲೂ ಮಾತಾಡ್ತಾರೆ, ಜನ ಒಳ್ಳೆಯವರು. ಪಾರ್ಕಿಂಗ್ ಬೈಕಿಗೆ ತೊಂದರೆ ಇಲ್ಲ, ಕಾರಾದ್ರೆ ಬಂಗ. ನೇಂದ್ರ ಪೋಡಿ (ನೇಂದ್ರ ಬಾಳೆಹಣ್ಣಿನ ಬಜ್ಜಿ) ಬಿಸಿ ಇದ್ರೆ ತಗೊಳ್ಳಿ, ಬನ್ಸ್ ಬೇಡ, ನಿನ್ನೆದ್ದು ಇರ್ತದೆ. ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ, ಬೋರ್ಡ್ ತೆಗೆದ ದಿನ ನಾಲ್ಕು ಮಾಡ್ತೇನೆ. ಅಲ್ಲಿ ತನಕ ಕೂತು ಮಾತಾಡ್ಬೇಕು ಅಂತಿದ್ರೆ ವಾರದ ಮಧ್ಯೆ ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಗ ಕುರ್ಚಿ ಖಾಲಿ ಇರುದ್ರಿಂದ ಬಿಲ್ ಸ್ವಲ್ಪ ತಡವಾಗಿ ಬರ್ತದೆ.