ಡೇಟ್ ಇನ್ನೂ ಆರು ದಿನ ಇತ್ತು, ಆದರೂ ಪನೀರ್ ಕೆಟ್ಟಿತ್ತು

ಹೋದ ಭಾನುವಾರ ನಮ್ಮ ಮನೆಯಲ್ಲಿ ಆಗಿದ್ದು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ಹತ್ತಿರದ ಅಂಗಡಿಯಿಂದ 200 ಗ್ರಾಂನ ಎರಡು ಪ್ಯಾಕೆಟ್ ಪನೀರ್ ತಂದಿದ್ದೆ. ಡೇಟ್ ನೋಡಿಯೇ ತಂದಿದ್ದು. ಒಂದು ಪ್ಯಾಕೆಟ್ ಸ್ವಲ್ಪ ಉಬ್ಬಿತ್ತು. ಕತ್ತರಿಸುವಾಗ ಕೈಗೆ ಲೋಳೆ ಲೋಳೆ ಅಂಟಿತು, ತುಸು ಹುಳಿ ವಾಸನೆ. ಅತ್ತೆ ನೋಡಿ, "ಬೇಡ ಕಣಮ್ಮ, ಬಿಸಾಕು" ಅಂದರು. ನಾನು ಪ್ಯಾಕೆಟ್ ತೋರಿಸಿ, "ಡೇಟ್ ಇದೆ ಅತ್ತೆ, ಹುರಿದರೆ ಏನೂ ಆಗಲ್ಲ" ಅಂದೆ. ಅವರ ಮಾತು ಕೇಳಬೇಕಿತ್ತು.

ರಾತ್ರಿ ಹನ್ನೊಂದಕ್ಕೆ ಮಗನಿಗೆ ವಾಂತಿ ಶುರುವಾಯಿತು. ಹಿಂದೆಯೇ ಅತ್ತೆಗೂ. ಆರು ವರ್ಷದ ಮಗು, ಒಂದು ಚಮಚ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಗಿನ ಜಾವ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿದೆವು. ಕುದಿಸಿದರೆ ಕ್ರಿಮಿ ಸಾಯಬಹುದು, ಆದರೆ ಕೆಲವು ಕ್ರಿಮಿಗಳು ಬಿಟ್ಟ ವಿಷ ಬಿಸಿಗೂ ಹೋಗಲ್ಲ ಅಂತ ಡಾಕ್ಟರ್ ಹೇಳಿದರು.

ಮನೆಗೆ ಬಂದು ಉಳಿದ ಪ್ಯಾಕೆಟ್ ತಿರುಗಿಸಿ ಓದಿದೆ. ಡೇಟಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿತ್ತು: 4 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಇಡಬೇಕು. ಅಂಗಡಿಯಲ್ಲಿ ಕೇಳಿದರೆ, ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ರಾತ್ರಿ ಫ್ರಿಡ್ಜ್ ಆಫ್ ಮಾಡುತ್ತಾರಂತೆ! ಡೇಟ್ ಸರಿಯಿದ್ದರೂ ಇಟ್ಟ ರೀತಿ ಸರಿಯಿಲ್ಲದಿದ್ದರೆ ಆ ಡೇಟಿಗೆ ಬೆಲೆಯೇ ಇಲ್ಲ. ಪ್ಯಾಕೆಟ್ ಒಡೆದ ಮೇಲೂ ಅಷ್ಟೇ, ಎಷ್ಟು ದಿನದಲ್ಲಿ ಮುಗಿಸಬೇಕು ಅಂತ ಬೇರೆಯೇ ಬರೆದಿರುತ್ತಾರೆ.

ಇನ್ನೊಂದು ವಿಷಯ. 'ಬೆಸ್ಟ್ ಬಿಫೋರ್' ಅಂದರೆ ರುಚಿ, ಗರಿಗರಿ ಅಲ್ಲಿವರೆಗೆ ಚೆನ್ನಾಗಿರುತ್ತೆ ಅಂತ. ಬಿಸ್ಕತ್ತಿನ ಡೇಟ್ ನಿನ್ನೆ ಮುಗಿದಿದ್ದರೆ ಅದೇನೂ ವಿಷವಾಗಿರಲ್ಲ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಹಾಗಲ್ಲ, ಆ ದಿನ ದಾಟಿದ್ದನ್ನು ತಿನ್ನಲೇಬಾರದು. ಹಾಲು, ಪನೀರ್, ಮಾಂಸದ ವಿಷಯದಲ್ಲಂತೂ ಒಂದು ದಿನವೂ ಸಡಿಲ ಬಿಡಬೇಡಿ.

ಪನೀರ್ ಮುಟ್ಟಿ ನೋಡಿ, ತಣ್ಣಗಿಲ್ಲದಿದ್ದರೆ ಅಲ್ಲೇ ಬಿಡಿ. ಉಬ್ಬಿದ್ದನ್ನಂತೂ ಮನೆಗೆ ತರಲೇಬೇಡಿ. ಕೆಟ್ಟದ್ದು ಸಿಕ್ಕರೆ ಬಿಲ್ಲು, ಪ್ಯಾಕೆಟ್ ಎರಡನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಒಡೆದ ಪ್ಯಾಕೆಟನ್ನು ಕಸಕ್ಕೆ ಹಾಕಿಬಿಟ್ಟಿದ್ದೆ, ಬಿಲ್ಲೂ ಇರಲಿಲ್ಲ.