ಜಿ*ಪವರ್ 3.1: ಲೆಕ್ಕ ಪಕ್ಕಾ, ಆದರೆ ಡೀಫಾಲ್ಟ್ ಅಂಕಿಗಳನ್ನು ನಂಬಬೇಡಿ

‘ಗುಂಪಿಗೆ ಮೂವತ್ತು ಜನ ಇದ್ದರೆ ಸಾಕು.’ ಮನೋವಿಜ್ಞಾನದ ಪ್ರಾಜೆಕ್ಟ್ ಮಾಡುವವರೆಲ್ಲ ಒಂದಲ್ಲ ಒಂದು ಸಲ ಕೇಳಿರುವ ಮಾತು ಇದು. ಎರಡು ಗುಂಪುಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ ನಿಜಕ್ಕೂ ಇದ್ದರೂ, ಗುಂಪಿಗೆ ಮೂವತ್ತರಂತೆ ಮಾಡಿದ ಅಧ್ಯಯನಕ್ಕೆ ಅದು ಸಿಕ್ಕುವ ಸಾಧ್ಯತೆ ಸುಮಾರು ಶೇ 48. ಈ ಸಾಧ್ಯತೆಗೇ ಅಧ್ಯಯನದ ‘ಶಕ್ತಿ’ (ಪವರ್) ಎನ್ನುವುದು. ತಿಂಗಳುಗಟ್ಟಲೆ ದುಡಿದ ಮೇಲೂ ನಾಣ್ಯ ಚಿಮ್ಮಿದಷ್ಟೇ ಖಾತ್ರಿ. ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುವ ತಂತ್ರಾಂಶ ಜಿ*ಪವರ್. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಹೈನ್‌ರಿಶ್ ಹೈನೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ವಿಂಡೋಸ್, ಮ್ಯಾಕ್ ಎರಡಕ್ಕೂ ಇದೆ.

ಇದು ಹೊಸ ಚಿಂತೆಯೇನಲ್ಲ. ಅಮೆರಿಕದ ಮನೋವಿಜ್ಞಾನಿ, ಸಂಖ್ಯಾಶಾಸ್ತ್ರಜ್ಞ ಜೇಕಬ್ ಕೊಹೆನ್ 1962ರಲ್ಲೇ ಒಂದು ಪ್ರಮುಖ ಮನೋವಿಜ್ಞಾನ ಪತ್ರಿಕೆಯ ಲೇಖನಗಳನ್ನು ಪರಿಶೀಲಿಸಿ, ಮಧ್ಯಮ ಪರಿಣಾಮವನ್ನು ಹಿಡಿಯುವ ಅವುಗಳ ಶಕ್ತಿ ಸರಾಸರಿ ಅರ್ಧಕ್ಕಿಂತ ಕಡಿಮೆ ಎಂದು ತೋರಿಸಿದ್ದರು. 2015ರಲ್ಲಿ 100 ಮನೋವಿಜ್ಞಾನ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಸಾರ್ಥಕ (ಬರೀ ಆಕಸ್ಮಿಕ ಎಂದು ತಳ್ಳಿಹಾಕಲಾಗದ) ಫಲಿತಾಂಶ ಮರಳಿ ಬಂದದ್ದು ಸುಮಾರು ಶೇ 36ರಲ್ಲಿ ಮಾತ್ರ. ಪರಿಣಾಮದ ಗಾತ್ರವೂ ಮೂಲದ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಸಣ್ಣ ಮಾದರಿಯಲ್ಲಿ ಸಾರ್ಥಕತೆಯ ಗೆರೆ ದಾಟುವುದು ಅದೃಷ್ಟವಶಾತ್ ದೊಡ್ಡದಾಗಿ ಕಂಡ ವ್ಯತ್ಯಾಸಗಳೇ. ಅವೇ ಪ್ರಕಟವಾಗುತ್ತವೆ, ಮುಂದಿನವರು ಅವನ್ನೇ ನಂಬಿ ಯೋಜನೆ ಹಾಕುತ್ತಾರೆ.

ಬಳಕೆ ಸರಳ. ‘ಟೆಸ್ಟ್ ಫ್ಯಾಮಿಲಿ’ಯಲ್ಲಿ ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ ಆರಿಸಿ, ‘ಸ್ಟ್ಯಾಟಿಸ್ಟಿಕಲ್ ಟೆಸ್ಟ್’ನಲ್ಲಿ ಎರಡು ಸ್ವತಂತ್ರ ಗುಂಪುಗಳ ಸರಾಸರಿ, ವಿಶ್ಲೇಷಣೆಯ ಬಗೆಯಲ್ಲಿ ‘ಎ ಪ್ರಯೋರಿ’ (ಅಧ್ಯಯನಕ್ಕೆ ಮೊದಲೇ ಜನರ ಸಂಖ್ಯೆ ಲೆಕ್ಕಹಾಕುವ ಆಯ್ಕೆ) ಇಟ್ಟು ಅಂಕಿಗಳನ್ನು ತುಂಬಿ ‘ಕ್ಯಾಲ್ಕುಲೇಟ್’ ಒತ್ತಿದರೆ ಮುಗಿಯಿತು. ಎಡವುವುದು ಇಲ್ಲೇ. ತೆರೆದ ಕೂಡಲೇ ಅಲ್ಲಿ ಕೂತಿರುವುದು ಏಕಮುಖ ಪರೀಕ್ಷೆ (ವ್ಯತ್ಯಾಸವನ್ನು ಒಂದೇ ದಿಕ್ಕಿನಲ್ಲಿ ಹುಡುಕುವುದು; ದ್ವಿಮುಖ ಎಂದರೆ ಎರಡೂ ದಿಕ್ಕಿನಲ್ಲಿ), ಪರಿಣಾಮ 0.5, ಆಲ್ಫಾ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ತಪ್ಪಿಗೆ ಬಿಟ್ಟ ಅವಕಾಶ) 0.05, ಶಕ್ತಿ 0.95. ಹಾಗೇ ಒತ್ತಿದರೆ ಒಟ್ಟು 176 ಜನ ಎಂದು ಬರುತ್ತದೆ. ದ್ವಿಮುಖಕ್ಕೆ ಬದಲಿಸಿ, ವಾಡಿಕೆಯಂತೆ ಶಕ್ತಿಯನ್ನು 0.80ಕ್ಕೆ ಇಳಿಸಿದರೆ 128, ಅಂದರೆ ಗುಂಪಿಗೆ 64. ಶಕ್ತಿ ಇಳಿಸಿ ದಿಕ್ಕಿನ ಆಯ್ಕೆಯನ್ನು ಮರೆತರೆ 102 ಎನ್ನುತ್ತದೆ. ಆಮೇಲೆ ದ್ವಿಮುಖ ಪರೀಕ್ಷೆ ಮಾಡುವವರಿಗೆ ಆ 102 ಸಾಲದು. ದಿಕ್ಕನ್ನು ದತ್ತಾಂಶ ನೋಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟಿದ್ದರೆ ಮಾತ್ರ ಏಕಮುಖ ಪರೀಕ್ಷೆ ಆರಿಸಿ.

ಎಲ್ಲಕ್ಕಿಂತ ಕಷ್ಟದ ಪೆಟ್ಟಿಗೆ ಪರಿಣಾಮದ ಗಾತ್ರ. ಎರಡು ಗುಂಪುಗಳ ಹೋಲಿಕೆಯಲ್ಲಿ ಇದಕ್ಕೆ ‘ಡಿ’ ಎನ್ನುತ್ತಾರೆ: ಸರಾಸರಿಗಳ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ (ಅಂಕಗಳ ಹರಡುವಿಕೆಯ ಅಳತೆ) ಭಾಗಿಸಿದ್ದು. ಕೊಹೆನ್ ಸೂಚಿಸಿದ 0.2, 0.5, 0.8 ಎಂಬ ಸಣ್ಣ, ಮಧ್ಯಮ, ದೊಡ್ಡ ಗಾತ್ರಗಳು ಎಲ್ಲರ ಬಾಯಲ್ಲಿವೆ. ದ್ವಿಮುಖ ಪರೀಕ್ಷೆ, 0.80 ಶಕ್ತಿ ಎಂದಿಟ್ಟರೆ ಗುಂಪಿಗೆ 0.8ಕ್ಕೆ 26 ಜನ ಸಾಕು, 0.2ಕ್ಕೆ 394 ಬೇಕು. ಈ ಅಂತರ ನೋಡಿ ‘ಮಧ್ಯಮ’ ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಅದು ಊಹೆ, ಯೋಜನೆಯಲ್ಲ. ಸರಿಯಾದ ದಾರಿ ಅಳತೆಯಿಂದ ಶುರುವಾಗುತ್ತದೆ. ಒತ್ತಡದ ಪ್ರಶ್ನಾವಳಿಯೊಂದರ ಮಾನಕ ವಿಚಲನೆ 6 ಎಂದಿರಲಿ. ಎಷ್ಟು ಅಂಕ ಇಳಿದರೆ ಆ ತರಬೇತಿಗೆ ಅರ್ಥವಿದೆ? ಮೂರು ಅಂಕ ಎಂದಾದರೆ 3ನ್ನು 6ರಿಂದ ಭಾಗಿಸಿ: 0.5. ಒಂದೂವರೆ ಅಂಕವೂ ಮುಖ್ಯ ಎಂದಾದರೆ 0.25, ಆಗ ಒಟ್ಟು 506 ಜನ. ಪರಿಣಾಮ ಅರ್ಧವಾದರೆ ಜನ ಸುಮಾರು ನಾಲ್ಕು ಪಟ್ಟು. ‘ಡಿಟರ್ಮಿನ್’ ಗುಂಡಿ ಒತ್ತಿದರೆ ಪಕ್ಕದಲ್ಲಿ ತೆರೆಯುವ ಕಿಟಕಿಯಲ್ಲಿ ಎರಡು ಸರಾಸರಿ, ಎರಡು ವಿಚಲನೆ ತುಂಬಿದರೆ ಈ ಭಾಗಾಕಾರವನ್ನು ಅದೇ ಮಾಡುತ್ತದೆ. ಇಡೀ ತಂತ್ರಾಂಶದಲ್ಲಿ ಅತ್ಯಂತ ಉಪಯುಕ್ತ ಜಾಗ ಅದು. ಸಂಶೋಧಕ ತನ್ನ ಪ್ರಾಕ್ಕಲ್ಪನೆಯನ್ನು ಅಂಕಿಯಲ್ಲಿ ಹೇಳಲೇಬೇಕಾದ ಸ್ಥಿತಿಗೆ ತಂದು ನಿಲ್ಲಿಸುತ್ತದೆ.

ಅದೇ ವ್ಯಕ್ತಿಗಳನ್ನು ಮೊದಲು ಮತ್ತು ನಂತರ ಅಳೆಯುವ ವಿನ್ಯಾಸದಲ್ಲಿ ಕೇಳುವುದು ಡಿಝಡ್ (ಪ್ರತಿಯೊಬ್ಬರ ಎರಡು ಅಳತೆಗಳ ವ್ಯತ್ಯಾಸದ ಸರಾಸರಿಯನ್ನು ಆ ವ್ಯತ್ಯಾಸಗಳ ವಿಚಲನೆಯಿಂದ ಭಾಗಿಸಿದ್ದು), ಬರೀ ಡಿ ಅಲ್ಲ. ಎರಡು ಅಳತೆಗಳ ಸಹಸಂಬಂಧ (ಒಂದರ ಜೊತೆ ಇನ್ನೊಂದು ಎಷ್ಟು ಏರಿಳಿಯುತ್ತದೆ ಎಂಬುದು) 0.5 ಇದ್ದಾಗ ಮಾತ್ರ ಎರಡೂ ಒಂದೇ. ಡಿ 0.5 ಆಗಿ ಸಹಸಂಬಂಧ 0.8 ಇದ್ದರೆ ಹದಿನೈದರ ಆಸುಪಾಸಿನ ಜನ ಸಾಕು, 0.2 ಇದ್ದರೆ ಐವತ್ತು ದಾಟುತ್ತದೆ. ಸಹಸಂಬಂಧ ಗೊತ್ತಿಲ್ಲದೆ ಇಲ್ಲಿ ಅಂಕಿ ತುಂಬಬೇಡಿ.

ಅದೇ ಜನರನ್ನು ಹಲವು ಸಲ ಅಳೆದು ಸರಾಸರಿಗಳನ್ನು ಹೋಲಿಸುವ ಪುನರಾವರ್ತಿತ ಅಳತೆಗಳ ಅನೋವಾದಲ್ಲಿರುವ ಹೊಂಡ ಇನ್ನೂ ಆಳ. ಅಂಕಿಅಂಶ ವಿಶ್ಲೇಷಿಸುವ ತಂತ್ರಾಂಶ ಎಸ್‌ಪಿಎಸ್‌ಎಸ್ ಕೊಟ್ಟ ಪಾರ್ಷಿಯಲ್ ಈಟಾ ಸ್ಕ್ವೇರ್ (ಪರಿಣಾಮದ ಗಾತ್ರದ ಇನ್ನೊಂದು ಅಳತೆ) ಅನ್ನು ನೇರವಾಗಿ ತುಂಬಿದರೆ ಜಿ*ಪವರ್ ಅದನ್ನು ತನ್ನದೇ ವ್ಯಾಖ್ಯೆಯಲ್ಲಿ ಓದಿ, ಸಹಸಂಬಂಧವನ್ನು ಎರಡನೇ ಸಲ ಲೆಕ್ಕಕ್ಕೆ ಹಿಡಿಯುತ್ತದೆ. ಹೀಗಾಗಿ ನಂಬಲಾಗದಷ್ಟು ಸಣ್ಣ ಸಂಖ್ಯೆ ಬರುತ್ತದೆ. ಕೆಳಗಿರುವ ‘ಆಪ್ಷನ್ಸ್’ ಗುಂಡಿ ಒತ್ತಿ ‘ಆ್ಯಸ್ ಇನ್ ಎಸ್‌ಪಿಎಸ್‌ಎಸ್’ ಆರಿಸಬೇಕು. ಇಷ್ಟು ಮುಖ್ಯವಾದ ಆಯ್ಕೆಯನ್ನು ಮೂಲೆಯಲ್ಲಿ ಬಚ್ಚಿಟ್ಟಿರುವುದು ಈ ತಂತ್ರಾಂಶದ ದೊಡ್ಡ ದೋಷ.

ಅಂತರ್‌ಕ್ರಿಯೆಯ, ಅಂದರೆ ಒಂದು ಅಂಶದ ಪರಿಣಾಮ ಇನ್ನೊಂದರ ಮೇಲೆ ಅವಲಂಬಿಸಿ ಬದಲಾಗುವ ವಿಚಾರದಲ್ಲೂ ಎಚ್ಚರ ಬೇಕು. ಎರಡೆರಡು ಹಂತಗಳ ಎರಡು ಅಂಶಗಳಿರುವ ವಿನ್ಯಾಸಕ್ಕೆ ‘ಮಧ್ಯಮ’ ಎಂದು 0.25 (ಇಲ್ಲಿನ ಅಳತೆ ಡಿ ಅಲ್ಲ, ಎಫ್) ತುಂಬಿದರೆ ಮತ್ತದೇ 128 ಬರುತ್ತದೆ. ಆದರೆ ತರಬೇತಿಯ ಪರಿಣಾಮ ಒಂದು ಗುಂಪಿನಲ್ಲಿ 0.5 ಇದ್ದು ಇನ್ನೊಂದರಲ್ಲಿ ಸೊನ್ನೆ ಎನ್ನುವುದೇ ನಿಮ್ಮ ಊಹೆಯಾದರೆ, ತುಂಬಬೇಕಾದ್ದು 0.125. ಆಗ ಐನೂರರ ಮೇಲೆ ಜನ ಬೇಕು. ಎರಡನೇ ಗುಂಪಿನಲ್ಲಿ ಪರಿಣಾಮ ಅರ್ಧಕ್ಕೆ ಇಳಿಯುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ ಎಂದಾದರೆ ಎರಡು ಸಾವಿರ. ಸಾಮಾನ್ಯ ಪ್ರಾಜೆಕ್ಟ್ ಒಂದರ ಕೈಗೆ ಎಟುಕದ ಸಂಖ್ಯೆ ಇದು. ಎಟುಕದು ಎಂದು ಮೊದಲೇ ತಿಳಿದರೆ ಪ್ರಶ್ನೆಯನ್ನೇ ಸರಳ ಮಾಡಿಕೊಳ್ಳಬಹುದು.

‘ಪೋಸ್ಟ್ ಹಾಕ್’ ಆಯ್ಕೆಯನ್ನು ಮುಟ್ಟದಿರುವುದೇ ಒಳ್ಳೆಯದು. ಅಧ್ಯಯನ ಮುಗಿದ ಮೇಲೆ ಸಿಕ್ಕ ಪರಿಣಾಮವನ್ನೇ ತುಂಬಿ ಶಕ್ತಿ ಕಂಡುಹಿಡಿದರೆ ಹೊಸದೇನೂ ತಿಳಿಯುವುದಿಲ್ಲ. ಅದು ಪಿ ಮೌಲ್ಯದ (ಸಾರ್ಥಕತೆಯನ್ನು ತೀರ್ಮಾನಿಸುವ ಅಂಕಿ) ಇನ್ನೊಂದು ರೂಪ ಅಷ್ಟೇ. ಪಿ ಸರಿಯಾಗಿ 0.05 ಇದ್ದರೆ ಆ ‘ಶಕ್ತಿ’ ಯಾವಾಗಲೂ ಸುಮಾರು 0.50 ಬರುತ್ತದೆ. ಜನರ ಸಂಖ್ಯೆ ಮೊದಲೇ ನಿಗದಿಯಾಗಿದ್ದರೆ ‘ಸೆನ್ಸಿಟಿವಿಟಿ’ ಬಳಸಿ. ಗುಂಪಿಗೆ 40 ಜನರಿದ್ದರೆ, ಶೇ 80 ಶಕ್ತಿಯಲ್ಲಿ 0.63ಕ್ಕಿಂತ ಚಿಕ್ಕ ಪರಿಣಾಮ ಆ ಅಧ್ಯಯನಕ್ಕೆ ಸಿಕ್ಕೀತೆಂದು ನೆಚ್ಚಿಕೊಳ್ಳುವಂತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿಬಿಡುತ್ತದೆ.

ಕೆಲವು ಕೊರತೆಗಳಿವೆ. ನಡುವೆ ಬಿಟ್ಟುಹೋಗುವವರ ಲೆಕ್ಕ ಇದರಲ್ಲಿಲ್ಲ. ಶೇ 15 ಜನ ಬಿಡಬಹುದು ಎಂದಿದ್ದರೆ 128ನ್ನು 0.85ರಿಂದ ಭಾಗಿಸಿ, ಗುಂಪುಗಳು ಸಮವಾಗುವಂತೆ 152 ಜನರನ್ನು ಸೇರಿಸಿಕೊಳ್ಳಬೇಕು. 128ಕ್ಕೆ ಶೇ 15 ಕೂಡಿಸಿದರೆ ಕಡಿಮೆಯಾಗುತ್ತದೆ. ತರಗತಿಗಳೊಳಗೆ ವಿದ್ಯಾರ್ಥಿಗಳು ಇರುವಂಥ ಬಹುಹಂತದ ದತ್ತಾಂಶಕ್ಕೆ ಇದು ಕೆಲಸಕ್ಕೆ ಬಾರದು, ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ ಆರ್‌ನಲ್ಲಿ ಸಿಮ್ಯುಲೇಶನ್ ಮಾಡಬೇಕು. ಟಿ-ಪರೀಕ್ಷೆ, ಸಹಸಂಬಂಧ, ಸರಳ ಅನೋವಾ, ರಿಗ್ರೆಶನ್‌ಗಳಿಗೆ ಮಾತ್ರ ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. ಪ್ರತಿ ಲೆಕ್ಕವೂ ಮೇಲಿನ ‘ಪ್ರೋಟೋಕಾಲ್’ ಪುಟದಲ್ಲಿ ತುಂಬಿದ ಅಂಕಿಗಳ ಸಮೇತ ದಾಖಲಾಗುತ್ತದೆ. ಅದನ್ನು ದಿನಾಂಕದೊಂದಿಗೆ ಉಳಿಸಿ, ದತ್ತಾಂಶ ಸಂಗ್ರಹಕ್ಕೆ ಮೊದಲೇ ಪೂರ್ವನೋಂದಣಿಗೆ (ಅಧ್ಯಯನದ ಯೋಜನೆಯನ್ನು ಮುಂಚಿತವಾಗಿ ದಾಖಲಿಸುವುದು) ಲಗತ್ತಿಸಿ. ವಿಧಾನದ ಭಾಗದಲ್ಲಿ ಪರೀಕ್ಷೆಯ ಹೆಸರು, ದಿಕ್ಕು, ಆಲ್ಫಾ, ಶಕ್ತಿ, ಪರಿಣಾಮದ ಗಾತ್ರ ಮತ್ತು ಆ ಗಾತ್ರ ಎಲ್ಲಿಂದ ಬಂತು ಎಂಬ ಆರನ್ನೂ ಬರೆಯಿರಿ. ವಿಮರ್ಶಕರು ಮೊದಲು ಹುಡುಕುವುದು ಕೊನೆಯದನ್ನು.