ಜಿ4 ಸಾಕಾ, ಎಫ್7 ಬೇಕಾ?

ಹೀಟ್ ರಿಕವರಿ ವೆಂಟಿಲೇಶನ್ (ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ತಾಜಾ ಗಾಳಿಗೆ ದಾಟಿಸುವ ವ್ಯವಸ್ಥೆ) ಇರುವ ಮನೆಗೆ ಫಿಲ್ಟರ್ ಬದಲಿಸಬೇಕಾ? ಜಿ4, ಎಫ್7 ಅಂದರೆ ಫಿಲ್ಟರ್ ದರ್ಜೆಗಳು, ಜಿ4 ಒರಟು, ಎಫ್7 ನಯ. ಮಂಡ್ಯದ ಕಡೆ ಆಲೆಮನೆ ಹೊಗೆ, ಕಬ್ಬಿನ ತರಗು ಸುಟ್ಟ ಕರಿ ಎರಡೂ ಇರುವುದರಿಂದ ಒಳಗೆ ಬರುವ ಗಾಳಿಗೆ ನಾನು ಎಫ್7 ಹಾಕುತ್ತೇನೆ. ಜಿ4 ಅಗ್ಗ, ದಪ್ಪ ಧೂಳು, ಹುಳುಹುಪ್ಪಟೆ ತಡೆಯುತ್ತದೆ, ಆದರೆ ಹೊಗೆಯ ಸಣ್ಣ ಕಣಗಳು ನುಸುಳುತ್ತವೆ. ಹೋದ ಸಲ ತೆಗೆದ ಎಫ್7 ನೋಡಬೇಕಿತ್ತು, ಮಡಿಕೆ ಮಡಿಕೆಯಲ್ಲೂ ಬಾಣಲೆ ತಳದ ಹಾಗೆ ಮಸಿ! ಅದು ಕಟ್ಟಿಕೊಂಡರೆ ಫ್ಯಾನ್ ಏದುಸಿರು ಬಿಡುತ್ತದೆ, ಕರೆಂಟೂ ಜಾಸ್ತಿ. ತೊಳೆದು ಮತ್ತೆ ಹಾಕಲು ಹೋಗಬೇಡಿ, ಹಾಳಾಗುತ್ತದೆ. ಹೊರಹೋಗುವ ಗಾಳಿಗೆ ಜಿ4 ಸಾಕು, ಸುಮ್ನೆ ದುಡ್ಡು ಯಾಕೆ ಅಲ್ವಾ? ಡಬ್ಬದ ಮೇಲೆ ಎಫ್7 ಬದಲು ಇಪಿಎಂ1 ಅಂತಿದ್ದರೆ ಗಾಬರಿ ಬೇಡ, ಅದು ಐಎಸ್‌ಒ 16890 ಎಂಬ ಫಿಲ್ಟರ್ ಮಾನದಂಡದ ಹೊಸ ಲೆಕ್ಕ, 1 ಮೈಕ್ರಾನ್‌ವರೆಗಿನ ಸಣ್ಣ ಕಣಗಳಲ್ಲಿ ಎಷ್ಟು ಪಾಲು ಹಿಡಿಯುತ್ತದೆ ಅಂತ ಹೇಳುತ್ತದೆ, 50 ಶೇಕಡಾ ಅಥವಾ ಮೇಲಿರಲಿ. ವಾಸನೆ ಮಾತ್ರ ಎರಡಕ್ಕೂ ಬಗ್ಗುವುದಿಲ್ಲ, ಇದ್ದಿಲಿನ ಫಿಲ್ಟರೇ ಬೇಕು.